‘ನಾವು ಸೋತ್ವಿ, ಅಜ್ಜ’

ಶುಕ್ರವಾರ ರಾತ್ರಿ ಊಟ ಮುಗಿಸಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ನಡುನಡುವೆ ಫೋನಿನಲ್ಲಿ ಸ್ಕೋರ್ ನೋಡಿ, “ಛೆ, ನಾವು 224ಕ್ಕೇ ಔಟಾಗಿಬಿಟ್ವಲ್ಲ” ಎಂದು ಪೇಚಾಡಿಕೊಂಡೆ. ಮಂಚದ ತುದಿಯಲ್ಲಿ ಕಾಲು ಆಡಿಸುತ್ತ ಕೂತಿದ್ದ ಮಗ ಕೇಳಿದ: “ಅಮ್ಮ, ನಾವು ಅಂದ್ರೆ ಯಾರು?”

ಹದಿನಾಲ್ಕು ವರ್ಷದ ಹುಡುಗ. ಕೆಣಕಬೇಕೆಂದು ಕೇಳಿದ್ದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದು. “ಇನ್ಯಾರು, ಇಂಡಿಯಾ ಕಣೋ” ಎಂದೆ. “ಓ” ಎಂದವನು ಎದ್ದು ತನ್ನ ರೂಮಿಗೆ ಹೋದ. ಆ ಒಂದಕ್ಷರ ಮರುದಿನ ಬೆಳಗ್ಗೆ ಲೀಡ್ಸಿನಿಂದ ಕಿಂಗ್ಸ್ ಕ್ರಾಸ್‌ವರೆಗೆ ರೈಲಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು.

ಹೊರಟಿದ್ದವರು ಗಂಡ ಹೆಂಡತಿ ಇಬ್ಬರೇ. ಮದುವೆಯಾಗಿ ಇಪ್ಪತ್ತು ವರ್ಷ ತುಂಬಿತ್ತು. ಮಗ ಹುಟ್ಟಿದ ಮೇಲೆ ಅವನನ್ನು ಬಿಟ್ಟು ನಾವಿಬ್ಬರೂ ಒಂದು ರಾತ್ರಿಯೂ ಹೊರಗೆ ಕಳೆದಿರಲಿಲ್ಲ. ಈ ಸಲ ಅವನ ಸ್ನೇಹಿತನ ಮನೆಯವರು ಇಟ್ಟುಕೊಳ್ಳುತ್ತೇವೆಂದರು. “ಎಲ್ಲಿಗೆ ಹೋಗೋಣ, ನೀನೇ ಹೇಳು” ಎಂದು ಇವರು ಕೇಳಿದಾಗ ನಾನು ಹೇಳಿದ್ದು ಓವಲ್. ಇಂಡಿಯಾ–ಇಂಗ್ಲೆಂಡ್ ಟೆಸ್ಟಿನ ನಾಲ್ಕನೇ ದಿನ, 2025ರ ಆಗಸ್ಟ್ 3, ಭಾನುವಾರ. ಇವರು ಹುಬ್ಬಳ್ಳಿಯವರು, ಕ್ರಿಕೆಟ್ಟಿನ ಹುಚ್ಚಿಲ್ಲ. ಆದರೆ ನನ್ನ ಹುಚ್ಚಿನ ಮೂಲ ಅವರಿಗೆ ಗೊತ್ತು. “ನಿಮ್ಮಪ್ಪಾರ ಗ್ರೌಂಡ ನೋಡೋಣ ನಡಿ” ಎಂದರು. ನಮ್ಮಪ್ಪ ಆ ಮೈದಾನವನ್ನು ಒಂದು ದಿನವೂ ಕಣ್ಣಾರೆ ಕಂಡವರಲ್ಲ.

ಶನಿವಾರ ಲಂಡನ್ನಿನಲ್ಲಿ ಎಲ್ಲರೂ ಅಲೆಯುವ ಹಾಗೆ ಅಲೆದೆವು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಟಿಪ್ಪುವಿನ ಮರದ ಹುಲಿಯ ಮುಂದೆ ಸ್ವಲ್ಪ ಹೊತ್ತು ನಿಂತೆ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಲೂಟಿಯಾದದ್ದು ಇನ್ನೂ ಗಾಜಿನೊಳಗೇ ಇತ್ತು. ಮೈಸೂರಿನವಳಾದ ನನಗೆ ಅದರ ಮುಂದೆ ಪ್ರತಿ ಸಲವೂ ಮಾತು ಹೊರಡುವುದಿಲ್ಲ. ಮಿಕ್ಕಂತೆ ಕಾಫಿ, ನಡಿಗೆ, ರಾತ್ರಿ ಹೊರಗೆ ಊಟ. ಅದು ನಮ್ಮಿಬ್ಬರದು, ಇಲ್ಲಿ ಬರೆಯುವಂಥದ್ದಲ್ಲ.

ಭಾನುವಾರ ಬೆಳಗ್ಗೆ ಲ್ಯಾಂಬೆತ್ ಸೇತುವೆಯ ಹತ್ತಿರ ಬಸವಣ್ಣನವರ ಪ್ರತಿಮೆಗೆ ಕೈಮುಗಿದು ನಡೆಯುತ್ತ ಹೊರಟೆವು. 2015ರ ನವೆಂಬರ್ 14ರಂದು ಅದು ಅನಾವರಣವಾದ ಸುದ್ದಿ ನಮ್ಮ ಕನ್ನಡ ಬಳಗದ ಮನೆಮನೆಯಲ್ಲೂ ಓಡಾಡಿತ್ತು. ಥೇಮ್ಸ್ ನದಿಯ ಆ ದಡದಲ್ಲಿ ಪಾರ್ಲಿಮೆಂಟು, ಈ ದಡದಲ್ಲಿ ಬಸವಣ್ಣ. ಅಲ್ಲಿಂದ ದಡದ ಗುಂಟ ವಾಕ್ಸ್‌ಹಾಲ್ ದಾಟಿದರೆ ಓವಲ್. ಹಳೆಯ ಗ್ಯಾಸ್ ಟ್ಯಾಂಕಿನ ಕಬ್ಬಿಣದ ಕಂಬಗಳ ಚೌಕಟ್ಟು ಕಂಡ ಕೂಡಲೇ ನನ್ನ ಹೆಜ್ಜೆ ಚುರುಕಾಯಿತು. ಆ ಕಂಬಗಳನ್ನು ನಾನು ಮೊದಲು ನೋಡಿದ್ದು ಅಪ್ಪ ಕತ್ತರಿಸಿಟ್ಟ ಪೇಪರಿನ ಫೋಟೋದಲ್ಲಿ.

1971ರ ಆಗಸ್ಟ್. ಅಪ್ಪನಿಗೆ ಇಪ್ಪತ್ತೆಂಟು ವರ್ಷ, ಮದುವೆ ಇನ್ನೂ ಆಗಿರಲಿಲ್ಲ. ಮನೆಯಲ್ಲಿ ರೇಡಿಯೋ ಇರಲಿಲ್ಲ. ಪಕ್ಕದ ಮನೆಯ ಜಗಲಿಯ ಮೇಲೆ ಬೀದಿಯ ಹುಡುಗರೆಲ್ಲ ಕೂರುತ್ತಿದ್ದರಂತೆ. ಓವಲ್ಲಿನಲ್ಲಿ ಮಧ್ಯಾಹ್ನದ ಆಟ ಅಂದರೆ ಮೈಸೂರಿನಲ್ಲಿ ಕತ್ತಲಾದ ಮೇಲೆ. ರೇಡಿಯೋದಲ್ಲಿ ಅರ್ಧ ಗೊರಗೊರ ಸದ್ದು, ಅರ್ಧ ಮಾತು. ನಮ್ಮ ಮೈಸೂರಿನಲ್ಲೇ ಹುಟ್ಟಿದ ಚಂದ್ರಶೇಖರ್ ಎಳವೆಯಲ್ಲಿ ಪೋಲಿಯೋ ತಗುಲಿ ಸೊರಗಿದ್ದ ಬಲಗೈಯಿಂದಲೇ ಅಂದು 38 ರನ್ನಿಗೆ ಆರು ಹುದ್ದರಿ ಕೆಡವಿದರು. ಇಂಗ್ಲೆಂಡ್ 101ಕ್ಕೆ ಔಟ್. ‘ಹುದ್ದರಿ’ ಕನ್ನಡ ಪತ್ರಿಕೆಗಳಲ್ಲಿ ಬಳಕೆಯಾದ ಪದ. ಅಪ್ಪ ಇವತ್ತಿಗೂ ವಿಕೆಟ್ ಅನ್ನುವುದಿಲ್ಲ. ಎಡ್ರಿಚ್ ಬ್ಯಾಟು ಕೆಳಗಿಳಿಸುವಷ್ಟರಲ್ಲಿ ಸ್ಟಂಪು ಹಾರಿದ್ದನ್ನು ಅವರು ಹೇಳುವಾಗ, ಕಂಡಿದ್ದನ್ನೇ ಹೇಳುತ್ತಿದ್ದಾರೆ ಎನ್ನಿಸುತ್ತದೆ. ಬಲ ಅಂಗೈಯನ್ನು ಬೆಂಡು ಮಾಡಿ, ಮಣಿಕಟ್ಟನ್ನು ತಿರುವಿ, ಊಟದ ಎಲೆಯ ಮುಂದೆಯೇ ಗೂಗ್ಲಿ ತೋರಿಸುತ್ತಿದ್ದರು. ನಾನು ಅನ್ನ ಕಲಸುವುದು ಬಿಟ್ಟು ಆ ಕೈಯನ್ನೇ ನೋಡುತ್ತಿದ್ದೆ.

ಮಾರನೆಯ ದಿನ ಗಣೇಶನ ಹಬ್ಬ. 173 ರನ್ನಿನ ಗುರಿ. ನಮ್ಮ ಭದ್ರಾವತಿಯ ವಿಶ್ವನಾಥ್ 33 ಹೊಡೆದರು, ನಾಲ್ಕು ಹುದ್ದರಿ ಉಳಿಸಿಕೊಂಡು ಗೆದ್ದೆವು. ಇಂಗ್ಲೆಂಡಿನ ನೆಲದಲ್ಲಿ ಮೊದಲ ಟೆಸ್ಟ್ ಗೆಲುವು, ಅದರೊಂದಿಗೆ ಮೊದಲ ಸರಣಿಯೂ. ಅವತ್ತು ಇಲ್ಲಿನ ಭಾರತೀಯರು ಚೆಸ್ಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಅನ್ನುವ ಆನೆಯನ್ನು ಕರೆತಂದು ಓವಲ್ ಮೈದಾನದಲ್ಲಿ ನಡೆಸಿದ್ದರು. ಗಣಪತಿಯೇ ಬಂದು ಹರಸಿದ ಎಂದು ನಮ್ಮಜ್ಜಿ ನಂಬಿದ್ದರು. “ಚೌತಿ ದಿನ ಚಂದ್ರನ್ನ ನೋಡಬಾರದು ಅಂತಾರೆ, ಆ ವರ್ಷ ಊರಿಗೆ ಊರೇ ಬೆಳಗ್ಗೆದ್ದು ಪೇಪರ್‌ನಲ್ಲಿ ಚಂದ್ರನ ಮುಖ ನೋಡ್ತು” ಎಂದು ಅಪ್ಪ ಪ್ರತಿ ಹಬ್ಬಕ್ಕೂ ಹೇಳುತ್ತಾರೆ. ಕಡುಬಿನ ಜೊತೆ ಆ ಮಾತೂ ಬಡಿಸಿದರೇ ನಮಗೆ ಹಬ್ಬ.

ಇಷ್ಟೆಲ್ಲವನ್ನೂ ಎದೆಯಲ್ಲಿಟ್ಟುಕೊಂಡು ಓವಲ್ಲಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ. ಮಡಿಲಲ್ಲಿ ಪುಳಿಯೋಗರೆ ಡಬ್ಬಿ. ಇಂಗ್ಲೆಂಡಿಗೆ 374ರ ಗುರಿ. ಚೆಂಡು ಕೈಗೆತ್ತಿಕೊಂಡವನು ಬೆಂಗಳೂರಿನ ಹುಡುಗ ಪ್ರಸಿದ್ಧ್ ಕೃಷ್ಣ. ಡಕೆಟ್ ಹೊಡೆಯಲು ಹೋದ ಚೆಂಡು ಸ್ಲಿಪ್ಪಿನಲ್ಲಿದ್ದ ಕೆ.ಎಲ್. ರಾಹುಲ್ ಕೈಸೇರಿತು. ಬೆಂಗಳೂರು ಎಸೆಯಿತು, ಮಂಗಳೂರು ಹಿಡಿಯಿತು ಎಂದು ಇವರ ತೋಳು ಹಿಡಿದು ಅಲ್ಲಾಡಿಸಿದೆ. ತಂದೆಯ ಜಗಲಿ, ನನ್ನ ಕುರ್ಚಿ, ಎರಡರ ನಡುವೆ ಐವತ್ತನಾಲ್ಕು ವರ್ಷ ಇಲ್ಲವೇ ಇಲ್ಲ ಅನ್ನಿಸಿತು.

ಆಮೇಲೆ ಹ್ಯಾರಿ ಬ್ರೂಕ್ ಬಂದ. ಹತ್ತೊಂಬತ್ತು ರನ್ ಹೊಡೆದಿದ್ದಾಗ ಪ್ರಸಿದ್ಧ್‌ನ ಚೆಂಡನ್ನು ಎತ್ತಿ ಹೊಡೆದ. ಬೌಂಡರಿಯಲ್ಲಿ ಸಿರಾಜ್ ಹಿಡಿದೇಬಿಟ್ಟ. ಇತ್ತ ಎಸೆತಗಾರ ಆಗಲೇ ಸಂಭ್ರಮಕ್ಕೆ ಕೈ ಎತ್ತಿದ್ದ, ನಾನೂ ಎದ್ದು ನಿಂತಿದ್ದೆ. ಸಿರಾಜನ ಹಿಮ್ಮಡಿ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಹಗ್ಗ ತುಳಿಯಿತು. ಔಟಾಗಬೇಕಿದ್ದದ್ದು ಸಿಕ್ಸರ್ ಆಯಿತು. ಸಿರಾಜ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನನ್ನ ಸುತ್ತ ಅರ್ಧ ಜನ ಕುಸಿದು ಕೂತರು, ಇನ್ನರ್ಧ ಜನ ಕುಣಿದರು.

ಫೋನು ಗುಂಯ್ ಎಂದಿತು. ಮಗನ ಮೆಸೇಜು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: “ನೋಡಿದ್ಯಾ ಅಮ್ಮ, ನಮ್ಮೂರವನು.”

ಆ ಮೆಸೇಜನ್ನು ಎಷ್ಟು ಸಲ ಓದಿದೆನೋ. ಬ್ರೂಕ್ ಹುಟ್ಟಿದ್ದು ಕೀತ್ಲಿಯಲ್ಲಿ. ನಮ್ಮ ಮನೆಯಿಂದ ಕಾರಿನಲ್ಲಿ ಹೋಗಿ ತರಕಾರಿ ತರುವಷ್ಟು ಹತ್ತಿರ. ಇನ್ನೊಂದು ತುದಿಯಲ್ಲಿ ಆಡುತ್ತಿದ್ದ ಜೋ ರೂಟ್ ಶೆಫೀಲ್ಡಿನವನು, ಅದೂ ಯಾರ್ಕ್‌ಷೈರ್. ಮಗ ಪ್ರತಿ ಶನಿವಾರ ಆಡುವ ಹಸಿರು ಬಯಲು, ಅವರಿಬ್ಬರೂ ಬೆಳೆದ ಬಯಲು, ಮಣ್ಣು ಒಂದೇ, ಮಳೆ ಒಂದೇ. ಜೂನ್‌ನಲ್ಲಿ ಹೆಡಿಂಗ್ಲಿಯ ಮೊದಲ ಟೆಸ್ಟಿಗೆ ಹೋಗಿದ್ದಾಗ ನಾನು ರಾಹುಲ್‌ನ ಶತಕಕ್ಕೆ ಗಂಟಲು ಕಟ್ಟುವಷ್ಟು ಕೂಗಿದ್ದೆ. “ಯಾಕಮ್ಮ ಅಷ್ಟು ಕೂಗ್ತೀಯ?” ಎಂದು ಮಗ ಕೇಳಿದ್ದ. “ನಮ್ಮೂರವನು ಕಣೋ” ಎಂದಿದ್ದೆ. ಪದ ನಾನೇ ಕೊಟ್ಟದ್ದು. ಅವನು ಅದನ್ನು ಜೋಪಾನವಾಗಿಟ್ಟುಕೊಂಡು, ವ್ಯಾಕರಣ ತಪ್ಪದೆ, ತನ್ನ ಊರಿಗೆ ಬಳಸಿಕೊಂಡಿದ್ದಾನೆ.

1990ರಲ್ಲಿ ಇಲ್ಲಿನ ರಾಜಕಾರಣಿ ನಾರ್ಮನ್ ಟೆಬಿಟ್ ವಲಸೆ ಬಂದವರಿಗೆ ಒಂದು ಕ್ರಿಕೆಟ್ ಪರೀಕ್ಷೆ ಇಟ್ಟಿದ್ದರು: ಬಿಟ್ಟುಬಂದ ದೇಶಕ್ಕೆ ಜೈ ಅನ್ನುತ್ತೀರೋ, ಬಂದು ನೆಲೆಸಿದ ದೇಶಕ್ಕೋ? ನಮ್ಮ ತಲೆಮಾರಿನವರಿಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚಿದೆ. ನಿಷ್ಠೆಯನ್ನು ಹೀಗೆ ತಕ್ಕಡಿಗೆ ಹಾಕುವುದು ತಪ್ಪೆಂದು ನಾನು ಇವತ್ತಿಗೂ ನಂಬುತ್ತೇನೆ. ನನ್ನ ಮಗನಿಗೆ ಆ ಪರೀಕ್ಷೆ ಗೊತ್ತೂ ಇಲ್ಲ, ಅದನ್ನು ಯಾವಾಗಲೋ ಪಾಸು ಮಾಡಿಬಿಟ್ಟಿದ್ದಾನೆ. ಅದಕ್ಕೆ ನನಗೆ ನಾಚಿಕೆ ಇಲ್ಲ. ಆದರೆ ಭಯ ಇದೆ. ಈ ಹುಡುಗನಿಗೆ ಚಂದ್ರ ಯಾರು?

ಬ್ರೂಕ್ 111 ಹೊಡೆದ. ಶತಕ ಆದಾಗ ನನ್ನ ಕೈ ತಾನಾಗಿ ಚಪ್ಪಾಳೆ ತಟ್ಟಿತು. ಇವರು ನನ್ನ ಕಡೆ ತಿರುಗಿ ನೋಡಿದರು, ಏನೂ ಅನ್ನಲಿಲ್ಲ. 105 ಹೊಡೆದ ರೂಟನ್ನು ಕಡೆಗೂ ಪ್ರಸಿದ್ಧ್‌ನೇ ಔಟ್ ಮಾಡಿದ. ಬೆಳಕು ಕುಂದಿತು, ಮಳೆ ಬಂತು, ಆಟ ನಿಂತಿತು. ಇಂಗ್ಲೆಂಡಿಗೆ ಬೇಕಾದದ್ದು ಇನ್ನು 35 ರನ್, ನಮಗೆ ನಾಲ್ಕು ಹುದ್ದರಿ. ಸೋಮವಾರಕ್ಕೆ ಟಿಕೆಟ್ ಇರಲಿಲ್ಲ. ಖಾಲಿ ಡಬ್ಬಿ ಹಿಡಿದು ರೈಲು ಹತ್ತಿದೆವು.

ಸೋಮವಾರ ಇವರು ಆಫೀಸಿಗೆ ಹೋದರು. ನಾನು ಮನೆಯಿಂದಲೇ ಕೆಲಸ, ಎರಡು ಗಂಟೆ ರಜೆ ಹಾಕಿದೆ. ಮಗನಿಗೆ ಬೇಸಿಗೆ ರಜೆ. ಅಡುಗೆಮನೆಯ ರೇಡಿಯೋ ಹಚ್ಚಿ ಮೇಜಿನ ಆಚೆ ಈಚೆ ಕೂತೆವು. ಟಿವಿ ಬೇಡ ಎಂದದ್ದು ನಾನೇ. ಅಪ್ಪ ಕೇಳಿದ ಹಾಗೆ ಒಂದು ಸಲ ಕೇಳಬೇಕೆನ್ನಿಸಿತ್ತು.

ಪ್ರಸಿದ್ಧ್‌ನ ಮೊದಲೆರಡು ಚೆಂಡಿಗೇ ಎರಡು ಬೌಂಡರಿ. ಮಗ ಮೇಜಿನ ಮೇಲೆ ಮೆಲ್ಲಗೆ ಗುದ್ದಿದ, ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಅದು ನನಗೆ ನೋವಾಯಿತು. “ಕೂಗು, ಪರವಾಗಿಲ್ಲ” ಎಂದೆ. ಆಮೇಲೆ ಸಿರಾಜ್ ಇಬ್ಬರನ್ನು ಕೆಡವಿದ, ಪ್ರಸಿದ್ಧ್ ಟಂಗ್‌ನ ಸ್ಟಂಪು ಹಾರಿಸಿದ. ಹದಿನೇಳು ರನ್ ಬೇಕು, ಉಳಿದವನು ಭುಜಕ್ಕೆ ಪೆಟ್ಟಾಗಿದ್ದ ವೋಕ್ಸ್. ಎಡಗೈಯನ್ನು ಸ್ವೆಟರ್ ಒಳಗೆ ಕಟ್ಟಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದಾನೆ ಎಂದು ರೇಡಿಯೋ ಹೇಳಿದಾಗ ಮಗನ ಕಣ್ಣಲ್ಲಿ ನೀರು. ನನಗೂ ತಡೆಯಲಾಗಲಿಲ್ಲ. ಸೊರಗಿದ ಕೈಯ ಕಥೆ ಕೇಳಿ ಬೆಳೆದವಳು ನಾನು. ಮೇಜಿನ ಮೇಲೆ ಅವನ ಕೈ ಹಿಡಿದುಕೊಂಡೆ, ಇಬ್ಬರೂ ಬಿಡಲಿಲ್ಲ.

ಒಂದು ಸಿಕ್ಸರ್. ಒಂದೊಂದು ರನ್. ಕಡೆಗೆ ಸಿರಾಜ್‌ನ ಯಾರ್ಕರ್, ಅಟ್ಕಿನ್ಸನ್ ಬೌಲ್ಡ್. ಆರು ರನ್ನಿನ ಗೆಲುವು, ಸರಣಿ 2–2. ಪ್ರಸಿದ್ಧ್‌ಗೆ ಎರಡೂ ಇನಿಂಗ್ಸಿನಲ್ಲಿ ನಾಲ್ಕು ನಾಲ್ಕು. ಕೂಗಬೇಕೆಂದು ಬಾಯಿ ತೆರೆದೆ, ಎದುರಿನ ಮುಖ ನೋಡಿ ಕೂಗು ಗಂಟಲಲ್ಲೇ ನಿಂತಿತು.

ಐದು ನಿಮಿಷಕ್ಕೆಲ್ಲ ಮೈಸೂರಿನಿಂದ ವಿಡಿಯೋ ಕಾಲ್. ಅಪ್ಪನಿಗೆ ಆಗ ಎಂಬತ್ತೆರಡು. ಕಾಫಿ ಲೋಟ ಹಿಡಿದ ಕೈ ನಡುಗುತ್ತಿತ್ತು. ಫೋನು ಎತ್ತಿದ್ದು ಮಗ. “ಏನಪ್ಪಾ ಪುಟ್ಟ, ನೋಡಿದ್ಯಾ?” ಎಂದರು ಅಪ್ಪ.

“ನಾವು ಸೋತ್ವಿ, ಅಜ್ಜ” ಎಂದ ಮಗ.

ಅಪ್ಪ ಕಿವಿ ಹತ್ತಿರ ಫೋನು ತಂದುಕೊಂಡರು. “ಇಲ್ವೋ, ನಾವು ಗೆದ್ವಿ! ಆರು ರನ್ನು!”

“ಹೌದು ಅಜ್ಜ. ನೀವು ಗೆದ್ರಿ. ನಾವು ಸೋತ್ವಿ.”

ಎಷ್ಟು ಚೆಂದದ ಕನ್ನಡ. ಇದಕ್ಕಾಗಿ ನಾನು ಹನ್ನೆರಡು ವರ್ಷ ಒದ್ದಾಡಿದ್ದೇನೆ: ಭಾನುವಾರದ ಕನ್ನಡ ಕಲಿ ತರಗತಿ, ಕಾರಿನಲ್ಲಿ ಕನ್ನಡವೇ ಎಂಬ ಕಟ್ಟುಪಾಡು, ರಾತ್ರಿ ಹೇಳಿದ ಕಥೆಗಳು. ಒಂದು ಇಂಗ್ಲಿಷ್ ಪದವಿಲ್ಲದೆ, ತಡವರಿಸದೆ, ಅಜ್ಜನಿಗೆ ಬಹುವಚನ ಕೊಟ್ಟು ಮಾತಾಡಿದ. ಎದೆ ತುಂಬಿ ಬಂತು. ಅದೇ ಗಳಿಗೆಯಲ್ಲಿ ‘ನೀವು’ ‘ನಾವು’ ಎರಡರ ನಡುವೆ ಅವನು ಎಳೆದ ಗೆರೆ ಕಂಡು ಹೊಟ್ಟೆಯಲ್ಲಿ ಸಂಕಟವಾಯಿತು. ಭಾಷೆ ಉಳಿದರೆ ಎಲ್ಲ ಉಳಿಯುತ್ತದೆಂದು ನಾವು ಬಳಗದ ಸಂಚಿಕೆಗಳಲ್ಲಿ ವರ್ಷ ವರ್ಷ ಬರೆಯುತ್ತೇವಲ್ಲ, ಭಾಷೆ ಉಳಿದೂ ‘ನಾವು’ ಬೇರೆಯಾಗಬಹುದು ಎಂದು ನಾನು ಯೋಚಿಸಿರಲೇ ಇಲ್ಲ.

ಬೇರೆಯಾದರೆ ತಪ್ಪೇನು ಅಂತಲೂ ಅನ್ನಿಸುತ್ತದೆ. ಅಪ್ಪ ಜಗಲಿಯ ಮೇಲೆ ಕೂತು ಮೈಸೂರಿನವನಿಗೆ ಮಿಡಿದರು, ಇವನು ಅಡುಗೆಮನೆಯಲ್ಲಿ ಕೂತು ಕೀತ್ಲಿಯವನಿಗೆ. ಆದರೂ ಬಳಗದ ತಾಯಂದಿರಲ್ಲಿ, ತಂದೆಯರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಆಟ ನೋಡುವಾಗ ಮಕ್ಕಳ ಜೊತೆ ಕನ್ನಡದಲ್ಲಿ ಕೂಗೋಣ. ಅವರು ಯಾರ ಕಡೆಗಾದರೂ ಇರಲಿ. ನಮ್ಮಪ್ಪಂದಿರ ಹುದ್ದರಿ, ದಾಂಡಿಗ, ಎಸೆತಗಾರರೆಲ್ಲ ಅವರ ಕಿವಿಗೆ ಬೀಳಲಿ. ಚಂದ್ರನ ಕಥೆಯನ್ನು ಹೇಳಬೇಕಾದ ಹೊತ್ತಿಗೆ ಹೇಳದೆ, ಇವನಿಗೆಲ್ಲಿ ಅರ್ಥವಾಗುತ್ತದೆ ಎಂದು ನಾನು ಬಿಟ್ಟುಬಿಟ್ಟಿದ್ದೆ. ಅದು ನನ್ನ ತಪ್ಪು.

ಫೋನಿನಲ್ಲಿ ಅಪ್ಪ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಲೋಟ ಕೆಳಗಿಟ್ಟು, “ಸೋತಾಗ ಬೇಜಾರಾಗುತ್ತೆ ಮರಿ. ನಾವೂ ಇಂಗ್ಲೆಂಡಲ್ಲಿ ಬಹಳ ವರ್ಷ ಸೋತಿದ್ವಿ” ಎಂದು ಶುರು ಮಾಡಿದರು. ಜಗಲಿ, ಗೊರಗೊರ ರೇಡಿಯೋ, ಮಣಿಕಟ್ಟು ತಿರುವಿ ತೋರಿಸಿದ ಗೂಗ್ಲಿ, ಮಾರನೆಯ ದಿನದ ಹಬ್ಬ, ಆನೆ ಬೆಲ್ಲಾ. ಮಗ ಕುರ್ಚಿಯ ಮೇಲೆ ಕಾಲು ಮಡಿಸಿಕೊಂಡು ಕೂತ. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿ ನಿಂತಿದ್ದೆ, ನಲ್ಲಿ ತಿರುಗಿಸಿರಲಿಲ್ಲ.

“ಅಜ್ಜ, ಆನೆ ಇಲ್ಲೇ ಇದ್ದದ್ದು ಅಲ್ವಾ? ಇಂಗ್ಲೆಂಡಲ್ಲೇ?”

“ಹೌದಪ್ಪ, ಅಲ್ಲೇ ಮೃಗಾಲಯದ್ದು.”

“ಮತ್ತೆ ಆನೆ ಯಾರ ಕಡೆ?”

ಅಪ್ಪ ಬಾಯಿ ತೆರೆದರು, ಮುಚ್ಚಿದರು. “ತಡಿ, ತಡಿ, ಆ ಫೋಟೋ ತೆಗೆದು ತೋರಿಸ್ತೀನಿ” ಎನ್ನುತ್ತ ಎದ್ದರು. ಫೋನನ್ನು ಹಾಗೇ ಮೇಜಿನ ಮೇಲೆ ಮಲಗಿಸಿ ಹೋದರು. ಪರದೆಯ ತುಂಬ ಮೈಸೂರಿನ ಮನೆಯ ಸೂರು, ನಿಧಾನಕ್ಕೆ ತಿರುಗುವ ಫ್ಯಾನು, ದೂರದಲ್ಲಿ ಕಬ್ಬಿಣದ ಬೀರು ತೆರೆದ ಸದ್ದು. ಮಗ ಫೋನು ಕೆಳಗಿಡದೆ ಕಾಯುತ್ತ ಕೂತಿದ್ದ.