ಮೊಯ್ರಾಂಗಿನ ಮೂರು ಪದಗಳು

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಸಭೆಗಳಲ್ಲಿ ಒಂದು ಪಟ್ಟಿ ಹೊರಬರುತ್ತದೆ. ಶಹನವಾಜ್ ಖಾನ್, ಆಬಿದ್ ಹಸನ್, ಶೌಕತ್ ಮಲಿಕ್, ಹಬೀಬುರ್ ರಹಮಾನ್... ಹೆಸರುಗಳನ್ನು ಓದುತ್ತೇವೆ, ಚಪ್ಪಾಳೆ ಬೀಳುತ್ತದೆ, ಮನೆಗೆ ಮರಳುತ್ತೇವೆ. ಈ ಪಟ್ಟಿಯನ್ನು ನಾವು ಓದುವುದು ಆ ಹಿರಿಯರ ಮೇಲಿನ ಪ್ರೀತಿಯಿಂದಲೋ ಅಥವಾ ನಮ್ಮನ್ನು ಸಂಶಯದಿಂದ ನೋಡುವವರಿಗೆ ತೋರಿಸಲೇಬೇಕಾದ ರಸೀದಿ ಎಂದೋ?

ಮಣಿಪುರದ ಇಂಫಾಲದಿಂದ ದಕ್ಷಿಣಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿ, ಲೋಕ್ತಾಕ್ ಸರೋವರದ ಬಳಿ ಮೊಯ್ರಾಂಗ್ ಎಂಬ ಪಟ್ಟಣವಿದೆ. 1944ರ ಏಪ್ರಿಲ್ 14ರಂದು ಕರ್ನಲ್ ಶೌಕತ್ ಮಲಿಕ್ ಅಲ್ಲಿ ಆಜಾದ್ ಹಿಂದ್ ಫೌಜಿನ ತ್ರಿವರ್ಣ ಧ್ವಜವನ್ನು ಹಾರಿಸಿದರು. ಅದರ ನೆನಪಿಗೆ ಆ ಊರಿನಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ನೇತಾಜಿಯವರ ಪ್ರತಿಮೆ, ಪತ್ರಗಳು, ಛಾಯಾಚಿತ್ರಗಳು, ಸೈನಿಕರ ಬಿಲ್ಲೆಗಳು ಅಲ್ಲಿವೆ. ಆವರಣದಲ್ಲಿರುವ ಸ್ಮಾರಕದ ಮೂಲ ಇದ್ದದ್ದು ಸಿಂಗಾಪುರದಲ್ಲಿ. 1945ರ ಜುಲೈ 8ರಂದು ನೇತಾಜಿ ಅಡಿಗಲ್ಲು ಹಾಕಿದ್ದ ಆ ಸ್ಮಾರಕವನ್ನು ಮರಳಿ ಬಂದ ಬ್ರಿಟಿಷರು ಸೆಪ್ಟೆಂಬರಿನಲ್ಲೇ ಕೆಡವಿದರು. ಅದರ ಮೇಲಿದ್ದುದು ಮೂರು ಪದಗಳು: ಇತ್ತೆಫಾಕ್, ಎತೆಮಾದ್, ಕುರ್ಬಾನಿ. ಒಗ್ಗಟ್ಟು, ನಂಬಿಕೆ, ತ್ಯಾಗ.

ಇವು ನಮ್ಮ ಮನೆಮಾತಿನ ಪದಗಳು. ಆದರೆ ಮೊದಲ ಎರಡನ್ನು ದಾಟಿ ನಾವು ನೇರವಾಗಿ ಮೂರನೆಯದಕ್ಕೆ ಹೋಗುತ್ತೇವೆ. ನಮ್ಮವರೆಷ್ಟು ಮಂದಿ ಕುರ್ಬಾನಿ ಕೊಟ್ಟರು ಎಂದು ಎಣಿಸುತ್ತೇವೆ. ಎಣಿಸತೊಡಗಿದರೆ ತೊಡಕೂ ಶುರುವಾಗುತ್ತದೆ. ರಾವಲ್ಪಿಂಡಿ ಜಿಲ್ಲೆಯಲ್ಲಿ ಹುಟ್ಟಿದ ಶಹನವಾಜ್ ಖಾನ್ ವಿಭಜನೆಯ ನಂತರ ಭಾರತವನ್ನು ಆರಿಸಿಕೊಂಡರು. ನೇತಾಜಿಯವರ ಕೊನೆಯ ವಿಮಾನಯಾನದಲ್ಲಿ ಜೊತೆಗಿದ್ದ ಹಬೀಬುರ್ ರಹಮಾನ್ ಪಾಕಿಸ್ತಾನದವರಾದರು. ಅವರ ಹೆಸರು ಬಂದಾಗ ನಮ್ಮ ದನಿ ಸ್ವಲ್ಪ ತಗ್ಗುತ್ತದೆ. ಹಾಗಾದರೆ 1944ರ ಅವರ ತ್ಯಾಗ 1947ರಲ್ಲಿ ಸುಳ್ಳಾಯಿತೇ? ತ್ಯಾಗವನ್ನು ರಸೀದಿಯಾಗಿ ಬಳಸುವವರಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ರಸೀದಿ ಕೇಳುವವರು ಎಷ್ಟು ಹೆಸರು ಕೊಟ್ಟರೂ ತೃಪ್ತರಾಗುವುದಿಲ್ಲ ಎಂಬುದೂ ನಮಗೆ ತಿಳಿಯದ್ದೇನಲ್ಲ.

ಹಾಗಾಗಿ ಮೊದಲ ಪದಕ್ಕೆ ಮರಳೋಣ. ಉರ್ದುವಿನಲ್ಲಿ ಇತ್ತೆಫಾಕ್ ಎಂದರೆ ಒಗ್ಗಟ್ಟು. ಆಕಸ್ಮಿಕ ಎಂಬ ಅರ್ಥವೂ ಉಂಟು. ಫೌಜಿನ ಒಗ್ಗಟ್ಟು ಮಾತ್ರ ಆಕಸ್ಮಿಕವಾಗಿರಲಿಲ್ಲ. ಬ್ರಿಟಿಷ್ ಸೇನೆಯಲ್ಲಿ ಧರ್ಮಕ್ಕೊಂದು ಅಡುಗೆಮನೆಯಿತ್ತು. ನೇತಾಜಿಯವರ ಫೌಜಿನಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಂಡರು. ಸಿಂಗಾಪುರದ ಚೆಟ್ಟಿಯಾರ್ ದೇವಸ್ಥಾನದವರು ಕರೆದಾಗ, ಎಲ್ಲ ಜಾತಿ ಧರ್ಮದವರಿಗೂ ಪ್ರವೇಶವಿದ್ದರೆ ಮಾತ್ರ ಬರುವೆನೆಂದರು ನೇತಾಜಿ. ಅವರು ಒಪ್ಪಿದ ಮೇಲೆ ಮುಸ್ಲಿಮ್ ಅಧಿಕಾರಿಗಳೊಂದಿಗೇ ಒಳಗೆ ಹೋದರು. ಒಗ್ಗಟ್ಟು ತಾನಾಗಿ ಬರುವುದಿಲ್ಲ. ಯಾರಾದರೂ ಹೊಸ್ತಿಲಲ್ಲಿ ನಿಂತು ಅದಕ್ಕಾಗಿ ಹಟ ಹಿಡಿಯಬೇಕು.

ಹಟ ಹಿಡಿಯುವವರು ಇಲ್ಲದಾಗ ಏನಾಗುತ್ತದೆ ಎಂಬುದನ್ನೂ ಮೊಯ್ರಾಂಗ್ ಕಂಡಿದೆ. 2023ರ ಮೇ ತಿಂಗಳಲ್ಲಿ ಮೈತೇಯಿ ಮತ್ತು ಕುಕಿ ಸಮುದಾಯಗಳ ನಡುವೆ ಬೆಂಕಿ ಹತ್ತಿಕೊಂಡಿತು. ನೆರೆಹೊರೆಯವರು ಒಬ್ಬರ ಊರಿಗೆ ಇನ್ನೊಬ್ಬರು ಕಾಲಿಡದಂತಾದರು. 2024ರ ಸೆಪ್ಟೆಂಬರ್ 6ರಂದು ಮೊಯ್ರಾಂಗಿನಲ್ಲಿ ಮಾಜಿ ಮುಖ್ಯಮಂತ್ರಿ ಮೈರೆಂಬಾಂ ಕೊಯಿರೆಂಗ್ ಸಿಂಗ್ ಅವರ ಮನೆಯಂಗಳಕ್ಕೆ ರಾಕೆಟ್ ಬಿದ್ದು ವೃದ್ಧರೊಬ್ಬರು ಪ್ರಾಣ ಬಿಟ್ಟರು. ಕೊಯಿರೆಂಗ್ ಸಿಂಗ್ ಸ್ವತಃ ಆಜಾದ್ ಹಿಂದ್ ಫೌಜಿನ ಜೊತೆ ನಿಂತವರು. ಇತ್ತೆಫಾಕ್ ಎಂಬ ಪದ ಅದೇ ಊರಿನಲ್ಲಿ ಕಲ್ಲಿನ ಮೇಲಿತ್ತು. ಕಲ್ಲಿನ ಮೇಲಿದ್ದರೆ ಸಾಲದು.

ಇದು ದೂರದ ಮಣಿಪುರದ ಮಾತೆಂದು ನಾವು ಸುಮ್ಮನಿರಬಹುದೇ? ನಮ್ಮ ಮೊಹಲ್ಲಾದ ಆಚೆಗಿನ ಎಷ್ಟು ಮನೆಗಳಲ್ಲಿ ನಾವು ಉಂಡಿದ್ದೇವೆ? ನಮ್ಮ ದಸ್ತರಖಾನಿಗೆ ಈದ್‌ನ ಹೊರತು ಬೇರೆ ದಿನಗಳಲ್ಲಿ ಯಾರನ್ನು ಕರೆದಿದ್ದೇವೆ? ನಮ್ಮೊಳಗಿನ ಪಂಗಡಗಳ ಹೊಸ್ತಿಲನ್ನಾದರೂ ದಾಟಿದ್ದೇವೆಯೇ? ಬಾಗಿಲು ಮುಚ್ಚಿದವರ ಮೇಲೆ ನಮ್ಮ ದೂರು ನ್ಯಾಯವಾದದ್ದೇ. ಆದರೆ ನಮ್ಮ ಬಾಗಿಲಿನ ಲೆಕ್ಕ ಕೊಡಬೇಕಾದವರು ನಾವೇ.

ಮುಂದಿನ ಆಗಸ್ಟಿನಲ್ಲೂ ಆ ಹೆಸರುಗಳನ್ನು ಓದೋಣ, ಹಬೀಬರ ಹೆಸರನ್ನೂ ಗಟ್ಟಿಯಾಗಿಯೇ ಓದೋಣ. ಸೆಹಗಲ್, ಧಿಲ್ಲೋನ್, ಲಕ್ಷ್ಮಿ ಸ್ವಾಮಿನಾಥನ್, ಕೊಯಿರೆಂಗ್ ಸಿಂಗ್ ಅವರ ಹೆಸರುಗಳನ್ನೂ ಅದೇ ಉಸಿರಿನಲ್ಲಿ ಓದೋಣ. ಅವರು ಒಟ್ಟಿಗೆ ಉಂಡವರು, ಒಟ್ಟಿಗೆ ಹೋರಾಡಿದವರು. ಅವರನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಕೂರಿಸಲು ನಾವು ಯಾರು?