ಹಳೆಯ ಜಾವಾಕ್ಕೆ ಬೆಲೆ ಕಟ್ಟುವವರು ಯಾರು?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಕೊಡಗಿನ ತೋಟದ ದಾರಿಗಳನ್ನು ಎಷ್ಟೋ ವರ್ಷ ಹತ್ತಿ ಇಳಿದಿವೆ. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುತ್ತಿದ್ದ, ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸಬೇಕಾಗಿದ್ದ ಆ ಗಾಡಿಗಳ ಸದ್ದನ್ನು ನಲವತ್ತು ದಾಟಿದ ನಾವು ಈಗಲೂ ದೂರದಿಂದಲೇ ಗುರುತಿಸುತ್ತೇವೆ. ಕಾಲಕ್ರಮೇಣ ಅವು ಕೊಟ್ಟಿಗೆ ಸೇರಿದವು. ಇಲ್ಲಿನ ಮಳೆ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಎಷ್ಟೋ ಗಾಡಿಗಳು ಕಿಲೋ ಲೆಕ್ಕದಲ್ಲಿ ಗುಜರಿ ಪಾಲಾದವು.

ಉಳಿದವಕ್ಕೆ ಈಗ ಬೇಡಿಕೆ ಬಂದಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಮಾರುಕಟ್ಟೆಗೆ ಬಂದರೂ ಹಳೆಯದರ ಮೋಹ ಇಳಿದಿಲ್ಲ. ತರುಣರು ತೋಟದ ಮನೆಗಳ ಹಿಂದೆ ಇಣುಕಿ ನೋಡುತ್ತಾರೆ, ತುಕ್ಕು ಹಿಡಿದ ಗಾಡಿಯನ್ನು ಕೊಂಡು, ಬಿಚ್ಚಿ, ಉಜ್ಜಿ, ತಿಂಗಳುಗಟ್ಟಲೆ ದುಡಿದು ಮತ್ತೆ ಓಡುವಂತೆ ಮಾಡುತ್ತಾರೆ. ಹೊಸದನ್ನು ಕೊಂಡು ಬಿಸಾಡುವ ಈ ದಿನಗಳಲ್ಲಿ ಇದು ಮೆಚ್ಚಬೇಕಾದ ಕೆಲಸವೇ. ನಮ್ಮ ಪ್ರಶ್ನೆ ಇರುವುದು ರಿಪೇರಿಯ ಬಗ್ಗೆ ಅಲ್ಲ, ಕೊಳ್ಳುವ ಆ ಹತ್ತು ನಿಮಿಷದ ಬಗ್ಗೆ.

ಗಂಡನನ್ನು ಕಳೆದುಕೊಂಡ ವೃದ್ಧೆಯೊಬ್ಬರು, "ಗುಜರಿಗೆ ಹಾಕೋದು ತಾನೇ, ಏನಾದ್ರೂ ಕೊಟ್ಟು ತಗೊಂಡ್ಹೋಗಪ್ಪ" ಎನ್ನುತ್ತಾರೆ ಎಂದುಕೊಳ್ಳೋಣ. ಆ ಗಾಡಿಗೆ ಹೊರಗೆ ಎಷ್ಟು ಸಿಗುತ್ತದೆಂದು ಕೊಳ್ಳುವವನಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅವನು ಹೇಳಬೇಕೆ?

ಹೇಳಬೇಕಿಲ್ಲ ಎನ್ನುವವರ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಹುಡುಕಿದ ಶ್ರಮ ಅವನದು, ಒಳಗೆ ಇಂಜಿನ್ ಪೂರ್ತಿ ಜಾಮ್ ಆಗಿದ್ದರೆ ನಷ್ಟವೂ ಅವನದೇ. ಮಾರುವವರು ತಾವಾಗಿಯೇ ಒಪ್ಪಿದ್ದಾರೆ. ಇದು ಹಳೆಯ ಜಗಳವೂ ಹೌದು. ಬರಗಾಲದ ರೋಡ್ಸ್ ದ್ವೀಪಕ್ಕೆ ಧಾನ್ಯ ತಂದ ವರ್ತಕ, ಹಿಂದೆ ಇನ್ನೂ ಹಡಗುಗಳು ಬರುತ್ತಿವೆ ಎಂದು ಹೇಳಬೇಕೇ ಎಂಬ ಪ್ರಶ್ನೆಯನ್ನು ರೋಮಿನ ಸಿಸೆರೊ ಚರ್ಚಿಸಿದ್ದಾನೆ. ಬೇಕಿಲ್ಲ ಎಂಬುದು ತತ್ವಜ್ಞಾನಿ ಡಯೋಜಿನಿಸನ ವಾದ, ಬೇಕು ಎಂಬುದು ಆಂಟಿಪೇಟರನದು. ಸಿಸೆರೊ ನಿಂತದ್ದು ಹೇಳಬೇಕೆನ್ನುವವರ ಪಕ್ಷದಲ್ಲಿ.

ಪ್ರವಾದಿ ಮುಹಮ್ಮದ್(ಸ)ರು ಸರಕು ಹೊತ್ತ ತಂಡಗಳನ್ನು ಊರ ಹೊರಗೇ ಎದುರುಗೊಂಡು ಖರೀದಿಸುವುದನ್ನು ನಿಷೇಧಿಸಿದ್ದರು. ಪೇಟೆಯ ದರ ತಿಳಿಯುವ ಮೊದಲೇ ಮಾಲು ಕಸಿದಂತಾಗಬಾರದು ಎಂಬುದು ಅದರ ಹಿಂದಿನ ಕಾಳಜಿ. ಹಾಗೆ ಮಾರಿದವನಿಗೆ ಪೇಟೆ ತಲುಪಿದ ಮೇಲೆ ವ್ಯಾಪಾರ ಮುರಿಯುವ ಹಕ್ಕೂ ಇತ್ತು. ಜರೀರ್ ಬಿನ್ ಅಬ್ದುಲ್ಲಾಹ್(ರ)ರವರ ಸೇವಕ ಒಮ್ಮೆ 300 ದಿರ್ಹಮಿಗೆ ಕುದುರೆಯೊಂದನ್ನು ಗೊತ್ತುಮಾಡಿ, ಹಣ ಕೊಡಿಸಲು ಮಾಲೀಕನನ್ನು ಕರೆತಂದ. ಕುದುರೆ ನೋಡಿದ ಜರೀರ್, ಇದು ಇನ್ನೂ ಹೆಚ್ಚು ಬೆಲೆಬಾಳುತ್ತದೆಂದು ತಾವೇ ದರ ಏರಿಸುತ್ತಾ ಹೋಗಿ 800ಕ್ಕೆ ಕೊಂಡರಂತೆ. ಅವರೂ ಕೊಳ್ಳುವವರೇ ಆಗಿದ್ದರು ಎಂಬುದನ್ನು ಗಮನಿಸಬೇಕು.

ಇದೆಲ್ಲ ಸಂತರ ಮಾತು, ವ್ಯಾಪಾರಕ್ಕೆ ಆಗದು ಎನ್ನುವವರು ಕೊಡಗಿನ ಕಾಫಿಯನ್ನು ನೆನಪಿಸಿಕೊಳ್ಳಲಿ. 1990ರ ದಶಕದಲ್ಲಿ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಕೊನೆಗೊಂಡು ಬೆಳೆಗಾರ ನೇರವಾಗಿ ಮಾರತೊಡಗಿದಾಗ, ಲಂಡನ್ನಿನ ರೊಬಸ್ಟಾ ದರ ವ್ಯಾಪಾರಿಗೆ ತಿಳಿದಿರುತ್ತಿತ್ತು, ಎರಡು ಎಕರೆಯವನಿಗೆ ತಿಳಿದಿರುತ್ತಿರಲಿಲ್ಲ. ಚೆರಿ ಕಾಫಿಯ ಔಟ್‌ಟರ್ನ್ ನೋಡುವವನೂ ಕೊಳ್ಳುವವನೇ. ಇಂಥ ವ್ಯಾಪಾರದಲ್ಲಿ ಮೋಸಹೋದೆವೆಂದು ನಾವು ಗೊಣಗಿದ್ದಕ್ಕೆ ಲೆಕ್ಕವಿಲ್ಲ. ಅದೇ ನಮ್ಮ ಮನೆಯ ಮಗ ಪಕ್ಕದ ತೋಟದ ಜಾವಾವನ್ನು ಗುಜರಿ ದರಕ್ಕೆ ಹೊಡೆದುಕೊಂಡು ಬಂದರೆ "ಜಾಣ" ಎಂದು ಬೆನ್ನು ತಟ್ಟುತ್ತೇವೆ!

ಕೆಟ್ಟ ಇಂಜಿನನ್ನು ಎಬ್ಬಿಸುವ ವಿದ್ಯೆಯ ಲಾಭ ಆ ಹುಡುಗನಿಗೆ ಸಲ್ಲಬೇಕು, ಅದನ್ನು ಯಾರಿಗೂ ಕಲಿಸಿಕೊಡಬೇಕಾಗಿಯೂ ಇಲ್ಲ. ಆದರೆ ಎದುರಿನವರ ಅರಿವಿಲ್ಲದಿರುವಿಕೆಯಿಂದ ಬಂದ ಲಾಭಕ್ಕೆ ಅವನು ಯಾವ ಬೆವರನ್ನೂ ಸುರಿಸಿಲ್ಲ. ಬೇಕೆಂದೇ ಗಾಡಿಯನ್ನು ಹೀನಾಯವಾಗಿ ಹಳಿದು ದರ ಇಳಿಸಿದರಂತೂ ಅದು ಮೌನವೂ ಅಲ್ಲ, ಸುಳ್ಳು.

ಇದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ಜರೀರರಿಗೆ 800 ಕೊಡುವ ಶಕ್ತಿಯಿತ್ತು, ಕುದುರೆ ಸಿಕ್ಕಿತು. ವರ್ಕ್‌ಶಾಪಿನಲ್ಲಿ ದುಡಿದು ಉಳಿಸಿದ ನಾಲ್ಕು ಕಾಸು ಹಿಡಿದು ಬಂದ ಹುಡುಗ ಬಾಯಿಬಿಟ್ಟು "ಅಮ್ಮಾ, ಇದಕ್ಕೆ ಇಷ್ಟಿಷ್ಟು ಬರುತ್ತೆ" ಎಂದರೆ, ಮರುವಾರವೇ ಮೈಸೂರಿನಿಂದ ಬಂದವರು ದೊಡ್ಡ ಮೊತ್ತ ಕೊಟ್ಟು ಆ ಗಾಡಿಯನ್ನು ಪಿಕಪ್ ವಾಹನಕ್ಕೆ ಏರಿಸಿಕೊಂಡು ಹೋಗಬಹುದು. ಹಾಗೆ ಬರಿಗೈಯಲ್ಲಿ ಬಂದವನನ್ನು ನಮ್ಮ ಚಹಾದಂಗಡಿಯಲ್ಲಿ ಏನೆಂದು ಕರೆಯುತ್ತಾರೆಂದು ನಮಗೆಲ್ಲ ಗೊತ್ತು.