ಬಾಡಿಗೆಯ ಮನೆಯಲ್ಲಿದ್ದ ಸೆರೆಯವನು



ಅಪೊಸ್ತಲರ ಕೃತ್ಯಗಳ ಕಡೇ ಅಧ್ಯಾಯವನ್ನು ನಾವು ಎಷ್ಟೋ ಸಾರಿ ಓದಿದ್ದೇವೆ. ಪೌಲನು ಸೆರೆಯವನಾಗಿ ರೋಮಾಪುರಕ್ಕೆ ಬಂದನೆಂದೂ, ತನ್ನನ್ನು ಕಾಯುವ ಸಿಪಾಯಿಯ ಸಂಗಡ ಪ್ರತ್ಯೇಕವಾಗಿರಲು ಅಪ್ಪಣೆ ಹೊಂದಿದನೆಂದೂ, ಪೂರಾ ಎರಡು ವರುಷ ಬಾಡಿಗೆಯ ಮನೆಯಲ್ಲಿ ವಾಸವಾಗಿದ್ದನೆಂದೂ ಅಲ್ಲಿ ಕಾಣುತ್ತೇವೆ. ಆದರೆ ಆ ಮನೆಯ ಯಜಮಾನನು ಯಾರೆಂದು ನಾವು ಎಂದಾದರೂ ಯೋಚಿಸಿದೆವೋ? ಕೈಗೆ ಬೇಡಿಯೂ ಬಾಗಲಲ್ಲಿ ಸಿಪಾಯಿಯೂ ಇರುವ ಬಾಡಿಗೆದಾರನನ್ನು ಅವನು ಹೇಗೆ ಸೇರಿಸಿಕೊಂಡನು? ನೆರೆಯವರು ಏನು ಅಂದರು? ಅವನ ಹೆಸರು ಬರೆದಿಲ್ಲ. ಅವನು ಬಾಗಲನ್ನು ತೆರೆದನೆಂಬದು ಮಾತ್ರ ನಮಗೆ ತಿಳಿದಿದೆ.

ಈಚೆಗೆ ಭದ್ರಾವತಿಯ ಒಬ್ಬ ಯೌವನಸ್ಥನು ನಮ್ಮ ಬಳಿಗೆ ಬಂದನು. ಅವನು ಒಂದು ರಾತ್ರಿ ಶಿವಮೊಗ್ಗದಲ್ಲಿ ಸ್ನೇಹಿತರ ಸಂಗಡ ಕುಡಿದು, ಮೋಟಾರು ಸೈಕಲ್ಲಿನ ಮೇಲೆ ಊರಿಗೆ ಹಿಂದಿರುಗುವಾಗ ಪೊಲೀಸರು ನಿಲ್ಲಿಸಿ ಅವನ ಉಸಿರನ್ನು ಪರೀಕ್ಷಿಸಿದರು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ದಂಡ ತೆತ್ತನು, ಲೈಸೆನ್ಸು ಅಮಾನತಾಯಿತು. ಕೆಲಸವಾದರೋ ಶಿವಮೊಗ್ಗದಲ್ಲಿ. ಹಗಲು ಬಸ್ಸೂ ರೈಲೂ ಉಂಟು. ರಾತ್ರಿಯ ಪಾಳಿ ಮುಗಿದ ಮೇಲೆ ಗತಿಯೇನು? ಆದಕಾರಣ ಹೆಂಡತಿ ಮಗುವಿನೊಡನೆ ನಗರದಲ್ಲೇ ಇರಬೇಕೆಂದು ವಿದ್ಯಾನಗರ, ಗೋಪಾಳ, ವಿನೋಬನಗರಗಳಲ್ಲಿ ಮನೆ ಹುಡುಕಿದನು. ಒಬ್ಬ ಯಜಮಾನನು ಒಪ್ಪಿ ಮುಂಗಡ ತೆಗೆದುಕೊಂಡು, ಸಂಗತಿ ಕಿವಿಗೆ ಬಿದ್ದ ಮರುದಿನ ಹಣವನ್ನು ಹಿಂದಕ್ಕೆ ಕೊಟ್ಟನು. ಆಗ ಇವನು ನಮಗೆ, “ಅಯ್ಯನವರೇ, ನಾನು ಒಳ್ಳೇ ನಡತೆಯವನೆಂದು ಒಂದು ಕಾಗದ ಬರೆದುಕೊಡಿರಿ, ಆ ಒಂದು ಸಂಗತಿ ಮಾತ್ರ ಬರೆಯಬೇಡಿರಿ” ಅಂದನು.

ನಾವು ಲೇಖನಿಯನ್ನು ಕೈಗೆ ತೆಗೆದುಕೊಂಡೆವು, ಬರೆಯಲಾರದೆ ಹೋದೆವು. ಕನಿಕರವು ಬರೆ ಅಂದಿತು, ಮನಸ್ಸಾಕ್ಷಿಯು ತಡೆಯಿತು.

ಅವನ ತಪ್ಪು ಚಿಕ್ಕದೆಂದು ಯಾರೂ ನೆನಸದಿರಲಿ. 1988ರ ಮೋಟಾರು ವಾಹನಗಳ ಕಾಯಿದೆಯ 185ನೆಯ ಕಲಮಿನ ಮೇರೆಗೆ, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗೆ ಮೀರಿ ಮದ್ಯಸಾರವಿದ್ದು ವಾಹನ ನಡಿಸುವದು ಅಪರಾಧ. 2019ರ ತಿದ್ದುಪಡಿಯಿಂದ ಮೊದಲನೆಯ ಸಾರಿಗೆ ಆರು ತಿಂಗಳ ವರೆಗೆ ಸೆರೆ, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಎರಡನೆಯ ಸಾರಿಗೆ ಎರಡು ವರುಷಗಳ ವರೆಗೆ ಸೆರೆ, ಇಲ್ಲವೆ 15,000 ರೂಪಾಯಿ ದಂಡ, ಇಲ್ಲವೆ ಎರಡೂ. ಇದು ಕಠಿಣವಾಗಿ ತೋರಬಹುದು. ಮಾಳಿಗೆಯ ಸುತ್ತಲೂ ಗೋಡೆ ಕಟ್ಟದೆ ಒಬ್ಬನು ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಯವನದೇ ಎಂದು ಮೋಶೆಯ ಧರ್ಮಶಾಸ್ತ್ರವು ಬೋಧಿಸಲಿಲ್ಲವೋ? ಆ ರಾತ್ರಿ ದಾರಿಯಲ್ಲಿ ನಡೆಯುತ್ತಿದ್ದವರು ಉಳಿದದ್ದು ಇವನ ಜಾಣತನದಿಂದಲ್ಲ, ದೇವರ ಕೃಪೆಯಿಂದಲೇ.

ಆದರೆ ನ್ಯಾಯಾಧಿಪತಿಯು ವಿಧಿಸಿದ ದಂಡವು ತೀರಿದ ಮೇಲೆ, ಊರಿನವರು ವಿಧಿಸುವ ದಂಡವು ಎಂದಿಗೆ ತೀರುವದು? ಹೆಂಡತಿಯೂ ಮಗುವೂ ಕುಡಿಯಲಿಲ್ಲವಲ್ಲಾ. ಅವರಿಗೂ ಬಾಗಲು ಮುಚ್ಚಬೇಕೋ? ಮನೆಯ ಯಜಮಾನನ ಭಯವು ಬರೀ ಸುಳ್ಳೆಂದೂ ನಾವು ಹೇಳಲಾರೆವು. ಬಾಡಿಗೆಯಿಂದಲೇ ಜೀವನ ಮಾಡುವ ವಿಧವೆಯರುಂಟು. ಕುಡುಕನು ಬಾಡಿಗೆಯ ಹಣವನ್ನು ಸಾರಾಯಿ ಅಂಗಡಿಯಲ್ಲಿ ಕಳೆಯುವದನ್ನು ಅವರು ಕಂಡಿದ್ದಾರೆ.

ಇಂಥ ಇಕ್ಕಟ್ಟಿನಲ್ಲಿ ಪೌಲನು ಫಿಲೆಮೋನನಿಗೆ ಬರೆದ ಚಿಕ್ಕ ಪತ್ರವು ನಮ್ಮ ನೆನಪಿಗೆ ಬಂತು. ರೋಮಾಪುರದಲ್ಲಿ ಪೌಲನು ಸೆರೆಯವನಾಗಿದ್ದರೂ ತಪ್ಪುಮಾಡಿದವನಲ್ಲ. ಒನೇಸಿಮನಾದರೋ ಯಜಮಾನನಿಂದ ಅಗಲಿಹೋದ ದಾಸನು. ಅವನನ್ನು ತಿರಿಗಿ ಕಳುಹಿಸುವಾಗ, ಇವನು ಮೊದಲು ಪ್ರಯೋಜನವಿಲ್ಲದವನಾಗಿದ್ದನೆಂದು ಪೌಲನು ಮರೆಮಾಡದೆ ಬರೆಯುತ್ತಾನೆ; ಅವನಿಂದ ನಷ್ಟವಾಗಿದ್ದರೆ ಅದನ್ನು ತನ್ನ ಲೆಕ್ಕಕ್ಕೆ ಹಾಕೆಂದು ತನ್ನ ಕೈಯಿಂದಲೇ ಸಹಿ ಮಾಡುತ್ತಾನೆ. ಸತ್ಯವನ್ನು ಅಡಗಿಸಲಿಲ್ಲ, ಸಹೋದರನನ್ನು ಕೈಬಿಡಲೂ ಇಲ್ಲ. ಅದೇ ಪತ್ರದ ಕೊನೆಯಲ್ಲಿ, ತನಗೂ ಇಳುಕೊಳ್ಳುವದಕ್ಕೆ ಸ್ಥಳವನ್ನು ಸಿದ್ಧಮಾಡೆಂದು ಕೇಳಿಕೊಳ್ಳುತ್ತಾನೆ.

ಆದಕಾರಣ ನಾವು ಹೀಗೆ ಬರೆದೆವು: “ಇವನು ಕುಡಿದು ವಾಹನ ನಡಿಸಿ ದಂಡನೆ ಹೊಂದಿದ್ದು ನಿಜ. ದಂಡ ತೆತ್ತಿದ್ದಾನೆ. ಆ ಮೇಲೆ ಕುಡಿದದ್ದನ್ನು ನಾವು ಕಂಡಿಲ್ಲ. ಮುಂದೆ ಎಂದಿಗೂ ಕುಡಿಯನೆಂದು ನಾವು ಬರೆಯಲಾರೆವು. ಮೂರು ತಿಂಗಳ ಬಾಡಿಗೆಗೆ ಮಾತ್ರ ನಾವು ಹೊಣೆ.” ಅವನು ಓದಿ ತಲೆ ತಗ್ಗಿಸಿದನು. “ಇದನ್ನು ತೋರಿಸಿದರೆ ಯಾರು ಮನೆ ಕೊಟ್ಟಾರು?” ಅಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಎರಡು ಮನೆಗಳಲ್ಲಿ ಕಾಗದವನ್ನು ಓದಿ ಹಿಂದಕ್ಕೆ ಕೊಟ್ಟರು. ಮೂರನೆಯ ಮನೆಯ ವೃದ್ಧೆಯು ಎರಡು ಸಾರಿ ಓದಿಸಿ ಕೇಳಿ, “ನನ್ನ ಯಜಮಾನರೂ ಕುಡಿಯುತ್ತಿದ್ದರಪ್ಪಾ, ಒಂದು ದಿನವೂ ಒಪ್ಪಿಕೊಂಡವರಲ್ಲ. ನೀನು ಬರೆಯಿಸಿಕೊಂಡು ಬಂದಿದ್ದೀ. ಕುಡಿದು ಈ ಮೆಟ್ಟಲು ಹತ್ತಿದರೆ ಮಾತ್ರ ಆ ದಿನವೇ ಬಿಡಬೇಕು” ಎಂದು ಹನ್ನೊಂದು ತಿಂಗಳ ಕರಾರಿಗೆ ಒಪ್ಪಿದಳು.

ಪ್ರಿಯರೇ, ತಪ್ಪಿದವನೇ, ನಿನ್ನ ಸಂಗತಿಯನ್ನು ಬೇರೆಯವರ ಬಾಯಿಂದ ಕೇಳಿಸದೆ ನೀನೇ ಹೇಳು. ದಂಡ ತೆತ್ತ ರಸೀದಿಯನ್ನು ಮಡಿಸಿಡಬೇಡ, ತೋರಿಸು. ಮನೆಯುಳ್ಳವನೇ, ಕರಾರಿನಲ್ಲಿ ಬೇಕಾದ ಷರತ್ತನ್ನು ಬರೆಯಿಸು. ಆದರೆ ಗಾಳಿಮಾತಿಗೆ ಬಾಗಲು ಮುಚ್ಚಬೇಡ, ಎದುರಿಗೆ ಕೂರಿಸಿ ಕೇಳು. ಸಭೆಯವರೇ, ಹೊಣೆ ನಿಲ್ಲದ ಕನಿಕರವು ಖರ್ಚಿಲ್ಲದ ಕನಿಕರವು. ಶನಿವಾರದ ಸಾಯಂಕಾಲ ಅವನು ಒಂಟಿಯಾಗಿರದಂತೆ ಅವನ ಮನೆಗೆ ಹೋಗಿರಿ.

ಹನ್ನೊಂದು ತಿಂಗಳು ಇನ್ನೂ ತುಂಬಿಲ್ಲ. ಅವನು ನಿಂತನೆಂದು ಹೆಮ್ಮೆಪಡುವದಕ್ಕಾಗಿ ಇದನ್ನು ಬರೆಯಲಿಲ್ಲ. ನೀವೂ ಅವನಿಗಾಗಿಯೂ ಆ ತಾಯಿಗಾಗಿಯೂ ಪ್ರಾರ್ಥಿಸಬೇಕೆಂದು ಬರೆದೆವು. ನಮ್ಮೆಲ್ಲರ ಸಾಲವನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡು, ತಂದೆಯ ಮನೆಯಲ್ಲಿ ನಮಗೆ ಸ್ಥಳವನ್ನು ಸಿದ್ಧಮಾಡುವ ಕರ್ತನು ನಮ್ಮ ಬಾಗಲುಗಳನ್ನೂ ತೆರೆಯಲಿ. ಆಮೆನ್.